ಆಷಾಢದಲ್ಲಿ ಬಂದ ಮನೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ರಾಮಕೃಷ್ಣ ಸರ್, ಕಾರ್ಯದರ್ಶಿ ಪ್ರೇಮಕ್ಕ, ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆಂದು ಈ ತಾರ್ನಾಕದ ಸಭಾಂಗಣ ತುಂಬಿರುವ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ಐದನೇ ಇಯತ್ತೆ ಅರ್ಧಕ್ಕೇ ನಿಂತಿತು. ನಿಮ್ಮ ಮನೆಗಳಿಗೆ ಜೋಳದ ರೊಟ್ಟಿ ಕೊಡುವ ಗಿರಿಜಾಬಾಯಿ ನಾನು. ಸರ್ಕಾರದ ಡಬಲ್ ಬೆಡ್‌ರೂಮ್ ಮನೆಯ ಡ್ರಾದಲ್ಲಿ ನನ್ನ ಹೆಸರು ಬಂತೆಂದು ಈ ಶಾಲು. ಸಂತೋಷವಾಗಬೇಕಲ್ಲವೇ? ಆಗಿದೆ. ಆದರೆ ಮನಸ್ಸೆಲ್ಲ ಆ ಮನೆಯ ಬಾಗಿಲಲ್ಲೇ ಇದೆ.

ಯಾಕೆ ಅಂತೀರಾ? ಮಲ್ಕಾಜ್‌ಗಿರಿಯ ಒಂದೇ ಕೋಣೆಯಲ್ಲಿ, ರೈಲು ಹೋದಾಗಲೆಲ್ಲ ಡಬ್ಬಿ ಅಲುಗಾಡುವ ಮನೆಯಲ್ಲಿ, ಎಷ್ಟೋ ವರ್ಷ ಅರ್ಜಿ ಹಾಕಿ ಕಾದೆವು. ಕೊನೆಗೆ ಕೀಲಿಕೈ ಕೈಗೆ ಬಂತು. ಬಂದದ್ದು ಆಷಾಢದಲ್ಲಿ! ನಮ್ಮತ್ತೆ ಯಂಕಮ್ಮನವರು ಖಂಡಿತವಾಗಿ ಹೇಳಿಬಿಟ್ಟರು: "ಶ್ರಾವಣ ಬರ್ಲಿ, ಹಾಲು ಉಕ್ಕಿಸೂಣು. ಅಲ್ಲೀತನಾ ಯಾರೂ ಒಳಗ ಕಾಲಿಡಬ್ಯಾಡ್ರಿ." ಇಷ್ಟು ವರ್ಷ ಕಾದವರಿಗೆ ಒಂದು ಆಷಾಢ ಹೆಚ್ಚೇ ಎಂದು ನಾನೂ ಬೀಗ ಹಾಕಿ ಬಂದೆ.

ನಿನ್ನೆ ಆ ಹೊಸ ಮನೆಯ ಪಕ್ಕದಲ್ಲಿರುವ ಪಿಂಕಿ ಫೋನ್ ಮಾಡಿದಳು. "ಅಕ್ಕಾ, ಸರ್ಕಾರದವ್ರು ಚೆಕಿಂಗ್‌ಗೆ ಬಂದಿದ್ರು. ಕೀಲಿ ಹಾಕಿದ ಮನಿಗೆಲ್ಲಾ ಗುರುತು ಮಾಡ್ಯಾರ. ನಿಮ್ದೂ ಐತಿ. ಇವತ್ತೋ ನಾಳೆನೋ ಮತ್ತ ಬರ್ತಾರಂತ." ಬೀಗ ಹಾಕಿಟ್ಟವರಿಗೆ ಮನೆ ಬೇಡವೆಂದು ತಿಳಿದು ಬೇರೆಯವರಿಗೆ ಕೊಡುತ್ತಾರಂತೆ. ಅದೂ ತಪ್ಪೆನ್ನಲಾರೆ. ಡ್ರಾದಲ್ಲಿ ಹೆಸರು ಬಾರದೆ ಅತ್ತವರನ್ನು ನಾನೇ ನೋಡಿದ್ದೇನೆ. ಇತ್ತ ಬಾಡಿಗೆ ಕೋಣೆಗೆ ಮಾಲೀಕರು ಆಗಲೇ ಬೇರೆಯವರನ್ನು ಗೊತ್ತುಮಾಡಿದ್ದಾರೆ. ಅದೂ ಹೋಗಿ ಇದೂ ಹೋದರೆ?

ಇಂದು ಬೆಳಿಗ್ಗೆ ನಮ್ಮ ಯಜಮಾನರು ಸೂಗಪ್ಪನವರು ಒಲೆ, ಸಿಲಿಂಡರ್, ಅತ್ತೆ, ಮೂರನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋದರು. ಬಾಗಿಲು ತೆರೆದಿಟ್ಟು ತಾವು ಕೆಲಸಕ್ಕೆ ಹೋದರು. ಅತ್ತೆ ಒಳಗೆ ಹೋದರೇ? ಹೊಸ್ತಿಲ ಹೊರಗೆ ಚಾಪೆ ಹಾಸಿ ಕೂತಿದ್ದಾರೆ! "ಹೊರಗ ಕುಂತ್ರ ಪ್ರವೇಶ ಆಗಂಗಿಲ್ಲ, ಬಾಗಲಾ ಹಾಕಿದಂಗೂ ಇರಂಗಿಲ್ಲ" ಅಂತಾರೆ. ನಗಬೇಡಿ, ನನ್ನ ಭಯ ಬೇರೆಯೇ ಇದೆ. ಅಧಿಕಾರಿಗಳು ಬಂದು ಒಳಗೆ ಯಾರಿದ್ದೀರಿ ಎಂದು ಕೇಳಿದರೆ, ಅತ್ತೆ "ಇನ್ನಾ ಯಾರೂ ಇಲ್ರಿ" ಎಂದೇ ಹೇಳುತ್ತಾರೆ. ಸುಳ್ಳು ಅವರ ಬಾಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ.

ನಾನೂ ಅಲ್ಲೇ ಇರಬೇಕಿತ್ತು. ಆಮಂತ್ರಣದಲ್ಲಿ ಹೆಸರು ಅಚ್ಚಾಗಿದೆ, ಬರದಿದ್ದರೆ ನೀವು ಏನೆಂದುಕೊಳ್ಳುತ್ತೀರೋ ಎಂದು ಬಂದೆ. ಅಲ್ಲಿದ್ದರೆ ಇಲ್ಲಿಯ ಚಿಂತೆ, ಇಲ್ಲಿದ್ದರೆ ಅಲ್ಲಿಯ ಚಿಂತೆ. ಈಗ ಅಧ್ಯಕ್ಷರು "ಸ್ವಂತ ಮನೆಯ ಗಿರಿಜಾಬಾಯಿ" ಅಂದರು, ನೀವೆಲ್ಲ ಚಪ್ಪಾಳೆ ಹೊಡೆದಿರಿ. ಆಗ ನನಗೊಂದು ಧೈರ್ಯ ಬಂತು. ಶ್ರಾವಣಕ್ಕೆ ಕಾಯುವುದಿಲ್ಲ. ಈಗಲೇ ಹೊರಡುತ್ತೇನೆ.

ಪ್ರೇಮಕ್ಕ, ಒಂದು ಬೇಡಿಕೆ. ಸಭಿಕರ ಚಹಾಕ್ಕೆ ತರಿಸಿದ ಹಾಲಿನಲ್ಲಿ ನನಗೊಂದು ಪ್ಯಾಕೆಟ್ ಕೊಡಿ. ಹೋಗಿ ಒಲೆ ಹಚ್ಚಿ ಹಾಲು ಇಟ್ಟು, ನಾನು ದೂರ ನಿಲ್ಲುತ್ತೇನೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲುವುದನ್ನು ನೋಡುತ್ತ ಹೊರಗೆ ಕೂರುವುದು ನಮ್ಮತ್ತೆಯಿಂದ ಆಗದ ಕೆಲಸ. ಬೈಯುತ್ತಲೇ ಆರಿಸಲು ಒಳಗೆ ಓಡಿ ಬರುತ್ತಾರೆ. ಆಮೇಲೆ ಯಾರು ಬಂದು ಏನು ಕೇಳಿದರೂ ಅವರು ನಿಜವನ್ನೇ ಹೇಳಲಿ.

ಚಹಾ ತೆಳ್ಳಗಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಶಾಲು ಹೊದಿಸಿದ ನಿಮ್ಮಿಂದಲೂ, ಹಾಲು ಕೊಡುವ ನಿಮ್ಮಿಂದಲೂ ಉಪಕಾರವಾಯಿತು. ನಮಸ್ಕಾರ.