ಅಣಕು ದಾಳಿಗೆ ನೂರಕ್ಕೆ ನೂರು

ಮನೆಯಾಕೆ ತೀರಿಕೊಂಡ ಮೇಲೆ ದಿನವೂ ಪ್ರಾರ್ಥನೆ ಮುಗಿಸಿ ಬಸ್ ನಿಲ್ದಾಣದಲ್ಲಿ ಕೂರುತ್ತೇನೆ. ಇಂದು ಪಕ್ಕದಲ್ಲಿ ಅಣುಸ್ಥಾವರದ ಇಬ್ಬರು ಕಾವಲುಗಾರರಿದ್ದರು, ಮಾವ ಮತ್ತು ಅಳಿಯ.

“ಅಣಕು ದಾಳಿ ಪರೀಕ್ಷೇಲಿ ನಮಗೆ ನೂರಕ್ಕೆ ನೂರಂತೆ, ಮಾವ.”

“ಬರದೇ ಏನು? ದಾಳಿಕೋರರು ವಾರ ಮುಂಚೆ ಪತ್ರ ಬರೆದು, ಗೇಟಲ್ಲಿ ಸಹಿ ಹಾಕಿ ಒಳಗೆ ಬಂದ್ರು.”

“ಹಿಂದಿನ ಬೇಲಿ ಅಲಾರಂ?”

“ನಾಯಿ ಮುಟ್ಟಿದ್ರೂ ಬಡ್ಕೊಳ್ಳತ್ತೆ ಅಂತ ಆರು ತಿಂಗಳಿಂದ ಆಫ್ ಮಾಡಿದ್ದಾರೆ. ‘ಒಂದೂ ಸುಳ್ಳು ಅಲಾರಂ ಇಲ್ಲ, ಭೇಷ್’ ಅಂತ ಬರ್ಕೊಂಡ ಆ ಪರೀಕ್ಷಕ ಮಹಾಶಯ.”

“ನೀವು ಹೇಳ್ಲಿಲ್ವಾ?”

“ಹೇಳ್ದೆ. ಅದು ನನ್ನ ಪಟ್ಟೀಲಿಲ್ಲ ಅಂದ.”

“ಇವತ್ತಿಂದ ಆ ಬೇಲಿ ಹತ್ರ ನಾನೊಬ್ನೇ, ಮಾವ.”

“ಗೊತ್ತು ಕಣಪ್ಪಾ. ಯಾರಾದ್ರೂ ಹಾರಿದ್ರೆ ಜೋರಾಗಿ ಕಿರುಚು. ನನ್ನ ಮಗಳನ್ನ ಕೊಟ್ಟಿದ್ದೀನಿ, ಈ ದಂಡಪಿಂಡಗಳನ್ನ ನಂಬ್ಕೊಂಡು ಕೂರಬೇಡ.”

ಸ್ಥಾವರದ ಬಸ್ಸು ಬಂತು. ಅಳಿಯನ ಊಟದ ಡಬ್ಬಿಯನ್ನೂ ಮಾವನೇ ಹಿಡಿದುಕೊಂಡು ಹತ್ತಿದರು.