ಬೇಯದ ಬೇಳೆ

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಟೈಲರಮ್ಮ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲೇ ಅತ್ತೆ, ಅಳಿಯ ಮಾತಾಡುತ್ತಿದ್ದರು. ಕೇಳಬಾರದೆಂದುಕೊಂಡರೂ ಟೈಲರಮ್ಮನ ಕಿವಿ ಅತ್ತಲೇ ವಾಲಿತು.

“ತಪ್ಪು ನಿಮ್ಮ ಮಗಳದಲ್ಲ ಅತ್ತೆ, ನೀರಿಂದು. ನಮ್ಮ ಬೋರಿನದು ಗಡಸು ನೀರಂತೆ, ಸುಣ್ಣದಂಶ ಜಾಸ್ತಿ. ಅದ್ರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಪ್ಲಂಬರ್ ಹೇಳಿದ್ಮೇಲೇ ಗೊತ್ತಾಗಿದ್ದು.”

“ಮದುವೆಯಾಗಿ ಬಂದ ವಾರವೇ ಅವಳು ಹೇಳಿದ್ಲಲ್ಲಪ್ಪ, ನೀರು ಸರಿಯಿಲ್ಲ ಅಂತ.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ ಅಂತ ನಕ್ಕುಬಿಟ್ಟೆ.”

“ನೆಂಟರೆದುರಿಗೆ. ಒಂದ್ಸಲ ಅಲ್ಲ.”

“ಈಗ ಮೆಷಿನ್ ಹಾಕ್ಸಿದ್ದೀನಿ ಅತ್ತೆ. ನೀರು ಮೆತ್ತಗಾಗಿದೆ. ನಾನೇ ಬೇಯ್ಸಿ ನೋಡ್ದೆ, ಬೇಳೆ ಬೆಣ್ಣೆ ಹಾಗೆ ಬೆಂತು. ಕಳಿಸ್ಕೊಡಿ.”

“ನಮ್ಮನೆ ನೀರು ಮೊದಲಿಂದ್ಲೂ ಚೆನ್ನಾಗೇ ಇದೆ ಅಳಿಯಂದ್ರೇ. ಆದ್ರೂ ಅವಳು ಒಲೆ ಹತ್ರ ಹೋಗಲ್ಲ. ನಾನು ಬೇಯ್ಸಿದ್ದನ್ನೂ ‘ಬೆಂದಿದ್ಯಾಮ್ಮಾ, ಬೆಂದಿದ್ಯಾ’ ಅಂತ ಹಿಸುಕಿ ಹಿಸುಕಿ ನೋಡ್ತಾಳೆ.”

“ನಾನೇ ಬಂದು ತಪ್ಪಾಯ್ತು ಅಂತ ಹೇಳ್ಲಾ?”

“ಹೋದ್ಸಲ ಗೇಟಿನ ಹತ್ರ ನಿಮ್ಮ ದನಿ ಕೇಳಿ ಕೈಲಿದ್ದ ತಟ್ಟೆ ಬೀಳಿಸಿದ್ಲು. ಬರ್ಬೇಡಿ.”

“ಯಾವಾಗ ಬರ್ಲಿ ಹಾಗಾದ್ರೆ?”

ಬಸ್ಸು ಬಂದು ನಿಂತಿತು. ಅತ್ತೆ ಚೀಲ ಎತ್ತಿಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟವರು, ಹಳೇ ಅಭ್ಯಾಸವೋ ಏನೋ, “ಹೊತ್ತಿಗೆ ಸರಿಯಾಗಿ ಊಟ ಮಾಡಿ” ಎಂದರು.

ಟೈಲರಮ್ಮನೂ ಅದೇ ಬಸ್ಸು ಹತ್ತಿದರು. ಅಳಿಯ ನಿಂತಲ್ಲೇ ನಿಂತಿದ್ದ. ಹಿಂದಿರುಗಿ ನೋಡಿದ್ದು ಟೈಲರಮ್ಮ ಒಬ್ಬರೇ.