ಹತ್ತಕ್ಕೆ ಮುಚ್ಚುವ ಹೂವು

ತೊಂಬತ್ತೆಂಟರ ಮಾತು. ಭದ್ರಾವತಿ ನ್ಯೂ ಟೌನಿನ ಸೀಮೆಎಣ್ಣೆ ಕ್ಯೂನಲ್ಲಿ ನನ್ನ ಮುಂದಿದ್ದ ಸರ್ವಮಂಗಳಮ್ಮ, ಪಕ್ಕದ ಮನೆ ಯಶೋಧಾಳ ಕೈಗಡಿಯಾರವನ್ನು ಮೂರನೇ ಸಲ ಬಗ್ಗಿ ನೋಡಿದರು.

"ಎಷ್ಟಾಯ್ತೇ?"

"ಒಂಬತ್ತೂವರೆ. ಅದೇನಕ್ಕ ಅಷ್ಟು ಅರ್ಜೆಂಟು?"

"ಕುಂಬಳದ ಹೂ ಹತ್ತಕ್ಕೆಲ್ಲ ಮುಚ್ಚಿಕೊಳ್ಳುತ್ತೆ. ಅಷ್ಟರೊಳಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಬೇಕು."

"ಅಯ್ಯೋ, ಅದು ಜೇನುಹುಳದ ಕೆಲಸ ಅಲ್ವಾ?"

"ಹುಳ ಎಲ್ಲಿವೆ ಮಾರಾಯ್ತಿ? ನೀರಿನ ಟ್ಯಾಂಕಿಗೆ ಕಟ್ಟಿದ್ದ ಹೆಜ್ಜೇನನ್ನ ಸುಡಿಸಿದ್ವಲ್ಲ."

"ಮಕ್ಕಳಿಗೆ ಕಚ್ಚುತ್ತೆ ಅಂತ ಅರ್ಜಿ ಬರೆದೋರೇ ನೀವು."

"ಬರೆದೆ. ಒಂದು ಮಗೂಗಾದ್ರೂ ಕಚ್ಚಿತ್ತಾ, ಹೇಳು?"

"ಇಲ್ಲ."

"ಆಮೇಲಿಂದ ಒಂದು ಕಾಯಿ ನಿಂತಿಲ್ಲ. ಹೀಚು ಹಳದಿಯಾಗಿ ಉದುರುತ್ತೆ."

ಯಶೋಧಾ ಕೈಲಿದ್ದ ಕ್ಯಾನು ಕೆಳಗಿಟ್ಟಳು.

"ನಮ್ಮ ಸೌತೆಬಳ್ಳೀದೂ ಇದೇ ಕತೆ ಅಕ್ಕ. ಗೊಬ್ಬರ ಸಾಲ್ತಿಲ್ಲ ಅಂತ ದಿನಾ ಸಗಣಿ ನೀರು ಸುರೀತಾ ಇದೀನಿ."

"ಎಷ್ಟು ಸುರಿದ್ರೂ ಅಷ್ಟೇ."

"ಗಂಡು ಹೂ ಯಾವುದು ಅಂತ ನಂಗೆ ಗೊತ್ತಾಗಲ್ಲ. ತೋರಿಸ್ತೀರಾ?"

"ಈಗ್ಲೇ ಬಾ. ಇವತ್ತು ಎರಡೇ ಹೆಣ್ಣು ಹೂ ಬಿಟ್ಟಿರೋದು."

"ಸೀಮೆಎಣ್ಣೆ?"

"ನಾಳೆ ತಗೊಂಡರಾಯ್ತು, ನಡಿ ನಡಿ."

ಇಬ್ಬರೂ ಕ್ಯಾನು ಅಲ್ಲೇ ಬಿಟ್ಟು ಬಿರಬಿರನೆ ಹೋದರು. ಅಷ್ಟರಲ್ಲಿ ಅಂಗಡಿ ಬಾಗಿಲು ತೆರೆಯಿತು. ಸಾಲು ಸರಿದಾಗಲೆಲ್ಲ ಅವರ ಕ್ಯಾನುಗಳನ್ನೂ ನಾನೇ ಕಾಲಲ್ಲಿ ಮುಂದಕ್ಕೆ ತಳ್ಳಿದೆ. ಆ ಅರ್ಜಿಯಲ್ಲಿ ಎರಡನೇ ಸಹಿ ನನ್ನದು.